ರಕ್ತವೋ, ರೂಢಿಯೋ? — ಹಾಡು ಆಟಗಳಲ್ಲಿ ನಮ್ಮ ಅಭಿರುಚಿಯ ವಿಚಾರ

ದಕ್ಷಿಣದ ಸೀಮೆಯಿಂದ ನಮ್ಮ ಕಾಸಾರಶಿರಸಿಯ ಕಡೆಗೆ ಬಂದ ಅತಿಥಿಯೊಬ್ಬರು ಒಂದು ರಾತ್ರಿ ಇಲ್ಲಿಯ ಭಜನೆಯನ್ನು ಕೇಳಿದರು. ಮೊದಲು ಬಸವಣ್ಣನವರ ವಚನ, ಅದರ ಬೆನ್ನಿಗೆ ಮನ್ಮಥಸ್ವಾಮಿಗಳ ಮರಾಠಿ ಅಭಂಗ, ಅನಂತರ ಮತ್ತೆ ಕನ್ನಡದ ತತ್ವಪದ. ಹಾಡಿದವರು ಅವರೇ, ತಾಳವೂ ಅದೇ, ಹಾರ್ಮೋನಿಯಮ್ಮೂ ಅದೇ. ಮರುದಿನ ಮುಂಜಾನೆ ಅವರು, "ನೀವು ಕನ್ನಡಿಗರೆಂಬುದು ನಿಜ, ಆದರೆ ನಿಮ್ಮ ಹಾಡಿನಲ್ಲಿ ಕನ್ನಡದ ರಕ್ತ ಕಾಣಲಿಲ್ಲವಲ್ಲ!" ಎಂದು ನಕ್ಕರು. ಅಲ್ಲಿಯೇ ಕುಳಿತಿದ್ದ ನಮ್ಮೂರ ಹಿರಿಯರೊಬ್ಬರು ಸುಮ್ಮನಿರಲಿಲ್ಲ. "ಚಿಂತಿ ಮಾಡಬ್ಯಾಡ್ರಿ, ಕನ್ನಡ ನಮ್ಮ ರಕ್ತದಾಗ ಅದ, ಅದು ಎಲ್ಲಿಗೂ ಹೋಗೂದಿಲ್ಲ" ಎಂದುಬಿಟ್ಟರು.

ಈ ಎರಡು ಮಾತುಗಳು ಒಂದಕ್ಕೊಂದು ಎದುರಾದಂತೆ ಕಂಡರೂ ಎರಡರ ಬೇರು ಒಂದೇ. ಮನುಷ್ಯನ ಅಭಿರುಚಿಯು ಅವನ ಜನಾಂಗದಿಂದ, ಅವನ ವಂಶದಿಂದ ಹುಟ್ಟಿ ಬರುತ್ತದೆಂಬ ನಂಬಿಗೆಯೇ ಆ ಬೇರು. ಅತಿಥಿಗಳು ಆ ನಂಬಿಗೆಯಿಂದ ನಮ್ಮನ್ನು ಆಕ್ಷೇಪಿಸಿದರು. ಹಿರಿಯರು ಅದೇ ನಂಬಿಗೆಯಿಂದ ನಮ್ಮನ್ನು ಸಂತೈಸಿದರು. ಅದು ನಿಜವೇ ಎಂಬುದನ್ನು ಇತಿಹಾಸದ ಒರೆಗಲ್ಲಿಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ. ಹಾಡು ಮತ್ತು ಆಟ ಇವೆರಡನ್ನೇ ಆರಿಸಿಕೊಂಡುದಕ್ಕೆ ಕಾರಣವುಂಟು. ಒಬ್ಬನ ಅಭಿಪ್ರಾಯವನ್ನು ವಾದದಿಂದ ಬದಲಿಸಬಹುದು. ಆದರೆ ಒಂದು ರಾಗವು ಅವನ ಕಿವಿಗೆ ಇಂಪೆನಿಸುವಂತೆಯೂ ಒಂದು ಆಟವನ್ನು ನೋಡಿ ಅವನ ಮೈ ನವಿರೇಳುವಂತೆಯೂ ವಾದದಿಂದ ಮಾಡಲಾಗದು. ಅಂಥ ಸಂತೋಷವು ತಾನಾಗಿಯೇ ಬಂದಂತೆ ತೋರುತ್ತದೆ. ಆದುದರಿಂದಲೇ ಅದನ್ನು ರಕ್ತದ ಗುಣವೆಂದು ಭ್ರಮಿಸುವುದು ಬಹು ಸುಲಭ.

ವಿಚಾರವನ್ನು ನಮ್ಮ ನೆರೆಯಿಂದಲೇ ಆರಂಭಿಸೋಣ. ಕಲ್ಯಾಣವು ನಮಗೆ ದೂರವೇನಲ್ಲ. ಅಲ್ಲಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅರಸನ ವಿನೋದಗಳನ್ನು ಹೇಳುವಾಗ ಅವನು ಗೀತವಿನೋದವನ್ನೂ ಹೇಳುತ್ತಾನೆ, ಮಲ್ಲವಿನೋದವನ್ನೂ ಹೇಳುತ್ತಾನೆ. ಯಾವ ಹಾಡನ್ನು ಯಾರು ಯಾವಾಗ ಹಾಡುತ್ತಾರೆಂದು ಅವನು ಕೊಡುವ ವಿವರವು ಗಮನಾರ್ಹವಾದುದು. ಮದುವೆಯಲ್ಲಿ ಧವಳ, ಉತ್ಸವದಲ್ಲಿ ಮಂಗಳ, ಯೋಗಿಗಳ ಬಾಯಲ್ಲಿ ಚರ್ಯಾ, ಮಹಾರಾಷ್ಟ್ರದ ಹೆಂಗಳೆಯರು ಕುಟ್ಟುವಾಗ ಹಾಡುವ ಓವಿ—ಹೀಗೆ ಅವನ ಪಟ್ಟಿ ಸಾಗುತ್ತದೆ. ಹಾಡು ಹುಟ್ಟುವುದು ಕೆಲಸದಲ್ಲಿ, ಸಂದರ್ಭದಲ್ಲಿ, ನಾಡಿನ ರೂಢಿಯಲ್ಲಿ ಎಂಬುದು ಈ ಪಟ್ಟಿಯನ್ನು ಓದಿದವರಿಗೆ ತಾನಾಗಿಯೇ ಹೊಳೆಯುತ್ತದೆ. ಮಲ್ಲರ ವಿಷಯದಲ್ಲಿಯೂ ಹಾಗೆಯೇ. ವಯಸ್ಸು, ಮೈಕಟ್ಟು, ಬಲಗಳನ್ನು ನೋಡಿ ಅವರನ್ನು ವಿಂಗಡಿಸಬೇಕೆಂದೂ ಅವರ ಸಾಮು ಹೇಗಿರಬೇಕೆಂದೂ ಬೇಳೆ, ಮಾಂಸ, ಹಾಲು, ಸಕ್ಕರೆಗಳನ್ನು ಅರಮನೆಯಿಂದ ಒದಗಿಸಬೇಕೆಂದೂ ಅವನು ವಿಧಿಸುತ್ತಾನೆ. ಮಲ್ಲನು ಹುಟ್ಟಿದರೆ ಸಾಲದು, ಅವನನ್ನು ಸಾಕಬೇಕು ಎಂಬುದನ್ನು ಆ ದೊರೆಯು ಚೆನ್ನಾಗಿ ಬಲ್ಲವನಾಗಿದ್ದನು.

ಸೋಮೇಶ್ವರನ ತರುವಾಯ ಸುಮಾರು ನೂರು ವರ್ಷಗಳಲ್ಲಿ ಇನ್ನೊಂದು ಸಂಗತಿಯು ಈ ಮರಾಠವಾಡದ ನೆಲದಲ್ಲಿಯೇ ನಡೆಯಿತು. ದೇವಗಿರಿಯ ಯಾದವ ಸಿಂಘಣನ ಆಳಿಕೆಯಲ್ಲಿ, ಅಂದರೆ 1210ರಿಂದ 1247ರವರೆಗಿನ ಅವಧಿಯಲ್ಲಿ, ಶಾರ್ಙ್ಗದೇವನು 'ಸಂಗೀತರತ್ನಾಕರ'ವನ್ನು ಬರೆದನು. ಇಂದಿಗೂ ಹಿಂದುಸ್ತಾನಿಯವರು, ಕರ್ನಾಟಕ ಸಂಗೀತದವರು ಇಬ್ಬರೂ ತಮ್ಮ ಶಾಸ್ತ್ರದ ಮೂಲವೆಂದು ತೋರಿಸುವ ಗ್ರಂಥವದು. ಅದನ್ನು ಬರೆಯಿಸಿದ ಸೇವುಣರಾದರೋ ಅನೇಕ ಶಾಸನಗಳನ್ನು ಕನ್ನಡದಲ್ಲಿ ಹಾಕಿಸಿದವರು. ಬರೆದವನಾದರೋ ಕಾಶ್ಮೀರದಿಂದ ದಕ್ಷಿಣಕ್ಕೆ ವಲಸೆ ಬಂದ ಭಾಸ್ಕರನ ಮೊಮ್ಮಗ. ಇಂಥ ಗ್ರಂಥದಲ್ಲಿ ಯಾವ ಜನಾಂಗದ ರಕ್ತವನ್ನು ಹುಡುಕುವುದು? ಕಾಶ್ಮೀರದ ವಂಶ, ದಖ್ಖನದ ಕಿವಿ, ಕನ್ನಡ ಮರಾಠಿಗಳೆರಡೂ ನುಡಿಯುವ ನೆಲ—ಇವು ಕೂಡಿದಲ್ಲಿ ಅದು ಹುಟ್ಟಿತೆಂದು ಹೇಳಿದರೆ ಸಾಕು.

ಇನ್ನು ನಮ್ಮ ಕನ್ನಡಿಗರಲ್ಲಿಯೇ ಇರುವ ಒಂದು ಒಗಟನ್ನು ನೋಡೋಣ. 'ಕರ್ನಾಟಕ ಸಂಗೀತ'ವೆಂದು ನಮ್ಮ ನಾಡಿನ ಹೆಸರನ್ನೇ ಹೊತ್ತ ಪದ್ಧತಿಯೊಂದಿದೆ. ಅದರ ಆರಂಭದ ಪಾಠಕ್ರಮವನ್ನು ಹಾಕಿಕೊಟ್ಟವರೆಂದು ಕನ್ನಡದ ಪುರಂದರದಾಸರನ್ನು ಎಲ್ಲರೂ ವಂದಿಸುತ್ತಾರೆ. ಹೀಗಿದ್ದರೂ ತುಂಗಭದ್ರೆಯ ಉತ್ತರಕ್ಕೆ ಬಂದರೆ ಕನ್ನಡಿಗನ ಕಿವಿ ಹಿಂದುಸ್ತಾನಿಗೆ ಒಲಿದಿದೆ. ದಕ್ಷಿಣಕ್ಕೆ ಹೋದರೆ ಕರ್ನಾಟಕ ಪದ್ಧತಿಗೆ ಒಲಿದಿದೆ. ನುಡಿ ಒಂದು, ದಾಸರು ಒಬ್ಬರೇ, ಶರಣರು ಅವರೇ, ಬೀಗತನಗಳೂ ಹೊಳೆಯನ್ನು ದಾಟಿ ನಡೆದಿವೆ. ಧಾರವಾಡದವನ ರಕ್ತ ಬೇರೆ, ಮೈಸೂರಿನವನ ರಕ್ತ ಬೇರೆ ಎಂದು ಯಾವ ಪಂಡಿತನೂ ಹೇಳಲಾರನು. ಅಭಿರುಚಿಯು ರಕ್ತದಲ್ಲಿ ಬರುವುದಾದರೆ ಈ ಭೇದವು ಹುಟ್ಟಲೇಬಾರದಾಗಿತ್ತು.

ಅದು ಹುಟ್ಟಿದ್ದು ರಾಜ್ಯಗಳ ಮೇರೆಗಳಿಂದ, ದಾರಿಗಳಿಂದ, ಆಶ್ರಯಗಳಿಂದ. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹನು (1580–1627) ದಖ್ಖನಿಯಲ್ಲಿ 'ಕಿತಾಬ್-ಎ-ನೌರಸ್' ಎಂಬ ಹಾಡುಗಳ ಗ್ರಂಥವನ್ನು ರಚಿಸಿ ಅದರಲ್ಲಿ ಸರಸ್ವತಿಯನ್ನೂ ಸ್ತುತಿಸಿದನು. ಹೀಗೆ ಉತ್ತರದ ಗಾಯನವು ಆ ಕಾಲಕ್ಕೇ ನಮ್ಮ ಸೀಮೆಯಲ್ಲಿ ನೆಲೆಯೂರಿತ್ತು. ಮುಂದೆ ಧಾರವಾಡ, ಬೆಳಗಾವಿ, ವಿಜಾಪುರಗಳು ಮುಂಬಯಿ ಇಲಾಖೆಗೆ ಸೇರಿದುವು. ನಮ್ಮ ಸೀಮೆಯು ನಿಜಾಮರ ರಾಜ್ಯದಲ್ಲಿ ಉಳಿಯಿತು. ಮೈಸೂರಿನಲ್ಲಿ ಒಡೆಯರ ಆಸ್ಥಾನವು ವೀಣೆಗೂ ಕೃತಿಗಳಿಗೂ ಮುಖ್ಯ ಆಶ್ರಯವಾಯಿತು. ಆದರೂ ಆ ಆಸ್ಥಾನವು ಉತ್ತರದವರಿಗೆ ಬಾಗಿಲು ಮುಚ್ಚಿರಲಿಲ್ಲ. ಉಸ್ತಾದ ಫೈಯಾಜ್ ಖಾನರಿಗೆ 'ಆಫ್ತಾಬ್-ಎ-ಮೌಸಿಕಿ' ಎಂಬ ಬಿರುದು ಬಂದದ್ದು ಮೈಸೂರಿನಿಂದಲೇ. ಉತ್ತರಪ್ರದೇಶದ ಕೈರಾನಾದಲ್ಲಿ ಹುಟ್ಟಿದ ಅಬ್ದುಲ್ ಕರೀಂ ಖಾನರು (1872–1937) ಮಿರಜದಲ್ಲಿ ನೆಲೆಸಿ ಮೈಸೂರಿಗೂ ಧಾರವಾಡ ಸೀಮೆಗೂ ಹೋಗಿ ಬರುತ್ತಿದ್ದರು. ಆ ಹೋಗಿಬರುವ ದಾರಿಯಲ್ಲಿಯೇ ಕುಂದಗೋಳದ ರಾಮಭಾವು ಎಂಬ ಕನ್ನಡ ಹುಡುಗನು ಅವರ ಶಿಷ್ಯನಾದನು. ಮುಂದೆ ಸವಾಯಿ ಗಂಧರ್ವರೆಂದು ಪ್ರಸಿದ್ಧನಾದನು. ಒಂದು ಘರಾಣೆಯು ಕನ್ನಡ ನಾಡಿನಲ್ಲಿ ಬೇರೂರಿದ್ದು ಹೀಗೆ ಒಬ್ಬ ಗಾಯಕನ ಪ್ರವಾಸದಿಂದ.

ನಾಟಕದ ಕಥೆಯು ಇದಕ್ಕಿಂತ ಸ್ವಾರಸ್ಯವಾದುದು. ಗಡಿಯಲ್ಲಿ ಬಾಳುವ ನಾವು ಅದನ್ನು ಮರೆಯಬಾರದು. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವು ಸಾಂಗಲಿಗೆ ಹೋಗಿ ಆಟವಾಡಿತು. ಅದನ್ನು ಕಂಡ ಅಲ್ಲಿಯ ಅರಸರು ತಮ್ಮ ನುಡಿಯಲ್ಲಿಯೂ ಇಂಥದು ಆಗಲೆಂದು ಬಯಸಿದರು. 1843ರಲ್ಲಿ ವಿಷ್ಣುದಾಸ ಭಾವೆಯವರು 'ಸೀತಾಸ್ವಯಂವರ'ವನ್ನು ಆಡಿಸಿದರು. ಮರಾಠಿ ರಂಗಭೂಮಿಯ ಆರಂಭವೆಂದು ಅದನ್ನೇ ಎಣಿಸುತ್ತಾರೆ. 1880ರಲ್ಲಿ 'ಶಾಕುಂತಲ'ವನ್ನು ಆಡಿಸಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ನಾಟಕಗಳ ಪದಗಳಲ್ಲಿ ಕನ್ನಡದ ಧಾಟಿಗಳು ಎಷ್ಟೋ ಸೇರಿಕೊಂಡುವು. ಅನಂತರ ಅದೇ ನಾಟಕ ಕಂಪನಿಗಳು ಹುಬ್ಬಳ್ಳಿ, ಧಾರವಾಡ, ಗದಗಗಳಿಗೆ ತಿರುಗಿ ಬಂದು ಹಿಂದುಸ್ತಾನಿ ರಾಗಗಳನ್ನು ನಾಟ್ಯಗೀತಗಳ ರೂಪದಲ್ಲಿ ಕನ್ನಡಿಗರ ಕಿವಿಗೆ ಹಾಕಿದುವು. ನಾವು ಕೊಟ್ಟದ್ದು ಬೇರೊಂದು ವೇಷದಲ್ಲಿ ನಮಗೇ ಮರಳಿತು. ಇದರಲ್ಲಿ ಸಾಲಿಗನಾರು, ಸಾಲ ಕೊಟ್ಟವನಾರು ಎಂದು ಲೆಕ್ಕ ಹಾಕುವುದು ಕಷ್ಟ. ಹಾಕಬೇಕಾದ ಅಗತ್ಯವೂ ಇಲ್ಲ.

ವ್ಯಕ್ತಿಗಳ ಬಾಳನ್ನು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಗಂಗೂಬಾಯಿ ಹಾನಗಲ್ಲರ (1913–2009) ತಾಯಿ ಅಂಬಾಬಾಯಿಯವರು ಕರ್ನಾಟಕ ಪದ್ಧತಿಯ ಒಳ್ಳೆಯ ಗಾಯಕಿ. ತಾಯಿಯ ಕಂಠವೇ ಮಗಳಿಗೆ ಬರುವುದಾದರೆ ಮಗಳು ಕೃತಿಗಳನ್ನು ಹಾಡಬೇಕಾಗಿತ್ತು. ಆದರೆ ಬೀದಿಯಲ್ಲಿ ಕೇಳಿಬರುತ್ತಿದ್ದ ಗ್ರಾಮೋಫೋನಿನ ಹಿಂದುಸ್ತಾನಿ ಹಾಡುಗಳು ಆ ಹುಡುಗಿಯನ್ನು ಸೆಳೆದುವು. ಮಗಳ ಒಲವನ್ನು ಕಂಡ ತಾಯಿ, ಎರಡು ಪದ್ಧತಿಗಳು ಆ ಎಳೆಯ ಕಿವಿಯಲ್ಲಿ ಕಲಸಿಹೋಗಬಾರದೆಂದು ತಾನೇ ಹಾಡುವುದನ್ನು ನಿಲ್ಲಿಸಿದಳು. ಕೇಳ್ಮೆಯ ಬಲವನ್ನು ಅರಿತು ಇಂಥ ತ್ಯಾಗವನ್ನು ಮಾಡಿದ ಆ ತಾಯಿಗೆ ನಾವು ತಲೆವಾಗಬೇಕು. ಮಲ್ಲಿಕಾರ್ಜುನ ಮನಸೂರರು (1910–1992) ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಪದ್ಧತಿಯನ್ನೇ ಕಲಿತವರು. ನಾಟಕದಲ್ಲಿ ಅವರ ಹಾಡನ್ನು ಕೇಳಿ ಮೆಚ್ಚಿದ ಮಿರಜದ ನೀಲಕಂಠಬುವಾ ಅವರು ಆ ಹುಡುಗನನ್ನು ಹಿಂದುಸ್ತಾನಿಗೆ ಒಯ್ದರು. ಗದಗಿನ ಪಂಚಾಕ್ಷರ ಗವಾಯಿಗಳು (1892–1944) ಎರಡು ಪದ್ಧತಿಗಳನ್ನೂ ಸಾಧಿಸಿ ಎರಡನ್ನೂ ಕಲಿಸಿದರು. ಗದಗಿನಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಅಬ್ದುಲ್ ಕರೀಂ ಖಾನರ ಒಂದು ಠುಮರಿಯ ತಟ್ಟೆಯನ್ನು ಅಂಗಡಿಯಲ್ಲಿ ಕೇಳಿ, ಹನ್ನೊಂದರ ವಯಸ್ಸಿನಲ್ಲಿ ಗುರುವನ್ನು ಅರಸುತ್ತ ಮನೆ ಬಿಟ್ಟು ಉತ್ತರಕ್ಕೆ ಓಡಿದರು. ಕೊನೆಗೆ ಗುರು ಸಿಕ್ಕಿದ್ದು ನೆರೆಯ ಕುಂದಗೋಳದಲ್ಲಿ. ಅವರೇ ಮುಂದೆ ಪುರಂದರದಾಸರ ಪದಗಳನ್ನು ಹಿಂದುಸ್ತಾನಿ ರಾಗಗಳಲ್ಲಿ ಹಾಡಿ 'ದಾಸವಾಣಿ'ಯೆಂದು ಊರೂರಿಗೆ ಮುಟ್ಟಿಸಿದರು. ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಶಿವಪುತ್ರಯ್ಯನು ಕುಮಾರ ಗಂಧರ್ವನಾಗಿ, ಕ್ಷಯರೋಗದಿಂದ ಬಳಲಿ ದೇವಾಸದಲ್ಲಿ ಹಾಸಿಗೆ ಹಿಡಿದಿದ್ದಾಗ, ಕಿಟಕಿಯ ಹೊರಗಿನಿಂದ ಕೇಳಿಬಂದ ಮಾಳವದ ಹಳ್ಳಿಯ ಹಾಡುಗಳೇ ಅವರ ಗಾಯನಕ್ಕೆ ಹೊಸ ಜೀವ ಕೊಟ್ಟುವು.

ಯಂತ್ರಗಳು ಬಂದ ಮೇಲಂತೂ ಕೇಳ್ಮೆಯು ದೊರೆಗಳ ಕೈಯಿಂದ ಜಾರಿಹೋಯಿತು. 1902ರಲ್ಲಿ ಕಲಕತ್ತೆಯಲ್ಲಿ ಗ್ರಾಮೋಫೋನ್ ಕಂಪನಿಯವರು ಭಾರತದ ಗಾಯಕರ ಹಾಡುಗಳನ್ನು ಮುದ್ರಿಸಿಕೊಂಡರು. ಅದಕ್ಕೆ ಮೊದಲು ಗೌಹರ್ ಜಾನಳ ಹಾಡನ್ನು ಕೇಳಬೇಕಾದರೆ ಜಮೀನದಾರನಾಗಿರಬೇಕಾಗಿತ್ತು. ಅನಂತರ ಚಹದ ಅಂಗಡಿಯ ಮುಂದೆ ನಿಂತರೆ ಸಾಕಾಯಿತು. ಸ್ವಾತಂತ್ರ್ಯದ ತರುವಾಯ ಸರಕಾರವೂ ಜನರ ಅಭಿರುಚಿಯನ್ನು ತಿದ್ದಲು ಯತ್ನಿಸಿತು. 1952ರಲ್ಲಿ ಮಂತ್ರಿಗಳಾದ ಬಾಳಕೃಷ್ಣ ಕೇಸಕರರು ಆಕಾಶವಾಣಿಯಲ್ಲಿ ಸಿನಿಮಾ ಹಾಡುಗಳನ್ನು ಅಡಗಿಸಿ ಶಾಸ್ತ್ರೀಯ ಸಂಗೀತಕ್ಕೆ ಪೀಠ ಕೊಟ್ಟರು. ಜನರು ಮುಳ್ಳನ್ನು ತಿರುಗಿಸಿ ಸಿಲೋನ್ ರೇಡಿಯೋವನ್ನು ಹಚ್ಚಿದರು. 1957ರಲ್ಲಿ ಸರಕಾರವೇ 'ವಿವಿಧ ಭಾರತಿ'ಯನ್ನು ಆರಂಭಿಸಬೇಕಾಯಿತು. ಕೇಳ್ಮೆಯು ಅಭಿರುಚಿಯನ್ನು ಬೆಳೆಸುತ್ತದೆ. ಆದರೆ ಒತ್ತಾಯದ ಕೇಳ್ಮೆಗೆ ಆ ಶಕ್ತಿಯಿಲ್ಲ, ಬೇರೆ ಬಾಗಿಲು ತೆರೆದಿರುವಾಗಲಂತೂ ಇಲ್ಲವೇ ಇಲ್ಲ. ಈ ಪಾಠವನ್ನು ಭಾಷಾಭಿಮಾನಿಗಳಾದ ನಾವೂ ನೆನಪಿನಲ್ಲಿಡಬೇಕು.

ರಕ್ತವಾದವು ಹಾಡಿನೊಳಗೆ ಹೊಕ್ಕರೆ ಏನಾಗುತ್ತದೆಂಬುದನ್ನು ಯುರೋಪು ತೋರಿಸಿಕೊಟ್ಟಿದೆ. 1938ರಲ್ಲಿ ಜರ್ಮನಿಯ ಡ್ಯುಸೆಲ್ಡಾರ್ಫ್ ನಗರದಲ್ಲಿ ನಾತ್ಸಿಗಳು 'ಪತಿತ ಸಂಗೀತ'ವೆಂಬ ಪ್ರದರ್ಶನವನ್ನು ಏರ್ಪಡಿಸಿ, ಯಹೂದ್ಯರ ಸಂಗೀತವನ್ನೂ ಕರಿಯರ ಜಾಜ್ ಸಂಗೀತವನ್ನೂ ರಕ್ತಕ್ಕೆ ಸಲ್ಲದವುಗಳೆಂದು ಹೀಗಳೆದರು. ಯಹೂದ್ಯ ವಂಶದವನೆಂಬ ಕಾರಣಕ್ಕೆ ಮೆಂಡೆಲ್ಸೋನನ ಕೃತಿಗಳನ್ನು ಅವರು ನಿಷೇಧಿಸಿದರು. ಆದರೆ ಜರ್ಮನರ ಹೆಮ್ಮೆಯ ಬಾಖನ ಮಹಾಕೃತಿಯೊಂದನ್ನು ಮರೆವಿನಿಂದ ಎತ್ತಿ 1829ರಲ್ಲಿ ಬರ್ಲಿನ್ನಿನ ಜನಕ್ಕೆ ಕೇಳಿಸಿದವನು ಇದೇ ಮೆಂಡೆಲ್ಸೋನನು! ವಿಜ್ಞಾನವೂ ಈಗ ಈ ವಿಷಯಕ್ಕೆ ಕೈಹಾಕಿದೆ. 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಬೊಲಿವಿಯಾದ ಅರಣ್ಯದ ತ್ಸಿಮಾನೆ ಜನರನ್ನು ಕುರಿತದ್ದು. ಪಾಶ್ಚಾತ್ಯರಿಗೆ ಇಂಪೆನಿಸುವ ಸ್ವರಮೇಳ, ಕರ್ಕಶವೆನಿಸುವ ಸ್ವರಮೇಳ ಎರಡೂ ಆ ಜನರಿಗೆ ಒಂದೇ ಸಮನಾಗಿ ಹಿತವಾಗಿದ್ದುವು. ಅದೇ ದೇಶದಲ್ಲಿ ಪಟ್ಟಣದ ಸಂಗೀತವನ್ನು ಕೇಳಿ ಬೆಳೆದವರಿಗಾದರೋ ಭೇದವು ತೋರಿತು. ಮನುಷ್ಯರೆಲ್ಲರಿಗೂ ಹುಟ್ಟಿನಿಂದಲೇ ಬಂದುದೆಂದು ತಿಳಿದಿದ್ದ ಇಂಪು ಕೂಡ ಬಹುಮಟ್ಟಿಗೆ ಕೇಳಿ ಕಲಿತದ್ದೆಂದು ಇದರಿಂದ ಗೊತ್ತಾಯಿತು.

ಇನ್ನು ಆಟಗಳಿಗೆ ಬರೋಣ. ಇಲ್ಲಿ ರಕ್ತವಾದಕ್ಕೆ ಹೆಚ್ಚು ಬಲವಿರುವಂತೆ ತೋರುತ್ತದೆ. ಏಕೆಂದರೆ ದೇಹವು ವಂಶದಿಂದ ಬರುವುದು ಸುಳ್ಳಲ್ಲ. ನಮ್ಮ ಸೀಮೆಯ ಜಾತ್ರೆಗಳಲ್ಲಿ ಕುಸ್ತಿಯಿಲ್ಲದ ಜಾತ್ರೆ ಉಪ್ಪಿಲ್ಲದ ಅಡಿಗೆಯಂತೆ. ಇದಕ್ಕೆ ಕಾರಣ ನಮ್ಮ ಜನರ ಎಲುಬೆಂದು ಹೇಳುವವರುಂಟು. ಆದರೆ ಈ ಕುಸ್ತಿಯೇ ನಮ್ಮ ಹಳೆಯ ಮಲ್ಲಯುದ್ಧವೂ ಪಾರಸಿಕರ ಕುಸ್ತಿಯೂ ಕೂಡಿ ಆದದ್ದು. ಪೈಲವಾನನೆಂಬ ಹೆಸರೇ ಪಾರಸಿಯದು. ಕೊಲ್ಲಾಪುರದ ಶಾಹೂ ಮಹಾರಾಜರು ಪಂಜಾಬಿನಿಂದ ಪೈಲವಾನರನ್ನು ಕರೆಸಿ, ತಾಲೀಮುಗಳನ್ನು ಸಾಕಿ, 1912ರಲ್ಲಿ ಖಾಸಬಾಗದ ಕುಸ್ತಿ ಮೈದಾನವನ್ನು ತೆರೆದರು. ಮುಂದಿನ ಎರಡು ತಲೆಮಾರುಗಳಲ್ಲಿ ಸುತ್ತಲಿನ ಸೀಮೆಯೆಲ್ಲ ಕುಸ್ತಿಯ ಬೆಳೆ ತೆಗೆಯಿತು. 1959ರಲ್ಲಿ ಮೊದಲ 'ಹಿಂದ್ ಕೇಸರಿ'ಯಾದ ಶ್ರೀಪತಿ ಖಂಚನಾಳೆಯವರು ಬೆಳಗಾವಿ ಜಿಲ್ಲೆಯ ಚಿಕ್ಕೋಡಿಯ ಕಡೆಯ ಏಕ್ಸಂಬೆಯವರು. ಕೀರ್ತಿ ಪಡೆದದ್ದು ಕೊಲ್ಲಾಪುರದ ಮಣ್ಣಿನಲ್ಲಿ. ನಮ್ಮ ನಿಲಂಗಾ ತಾಲೂಕಿನ ರಾಮಲಿಂಗ ಮುದಗಡದಲ್ಲಿ ಹುಟ್ಟಿದ ಹರಿಶ್ಚಂದ್ರ ಬಿರಾಜದಾರರು 1970ರಲ್ಲಿ ಎಡಿನ್ಬರೋದ ಕಾಮನ್ವೆಲ್ತ್ ಪಂದ್ಯಗಳಲ್ಲಿ ಸುವರ್ಣಪದಕವನ್ನು ಗೆದ್ದರು. ಅವರೂ ಕೊಲ್ಲಾಪುರದ ತಾಲೀಮಿನಲ್ಲಿ ಪಳಗಿದವರೇ. ನಿಲಂಗಾದ ನೆಲದಲ್ಲಿ ಅಂಥ ಮೈಕಟ್ಟಿನ ಹುಡುಗರು ಹಿಂದೆಯೂ ಹುಟ್ಟಿರಬೇಕು. ತಾಲೀಮಿನ ದಾರಿ ಕಾಣದೆ ಅವರು ಎತ್ತಿನ ಬೆನ್ನ ಹಿಂದೆಯೇ ಮುದುಕರಾಗಿರಬೇಕು.

ಕ್ರಿಕೆಟ್ಟಿನ ಇತಿಹಾಸವು ಇದನ್ನೇ ಇನ್ನೊಂದು ಬಗೆಯಾಗಿ ಹೇಳುತ್ತದೆ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಅವರು ಅಂದು ಅಸ್ಪೃಶ್ಯವೆಂದು ದೂರವಿಡಲಾಗಿದ್ದ ಕುಲದವರು. ಪುಣೆಯಲ್ಲಿ ಬಿಳಿಯರ ಆಟದ ಬಯಲನ್ನು ನೋಡಿಕೊಳ್ಳುವ ಕೂಲಿಯ ಕೆಲಸ ಅವರಿಗೆ ಸಿಕ್ಕಿತು. ಅಲ್ಲಿಯ ಸಾಹೇಬರಿಗೆ ಬ್ಯಾಟಿನ ಅಭ್ಯಾಸಕ್ಕಾಗಿ ಚೆಂಡು ಎಸೆಯುವವರು ಬೇಕಾಗಿದ್ದರು. ಹೀಗೆ ಕೈಗೆ ಬಂದ ಚೆಂಡಿನಿಂದ ಬಾಳೂ ಅವರು ದೇಶದ ಶ್ರೇಷ್ಠ ಎಸೆತಗಾರರಾಗಿ, 1911ರ ಇಂಗ್ಲೆಂಡಿನ ಪ್ರವಾಸದಲ್ಲಿ ನೂರಕ್ಕೂ ಮೇಲ್ಪಟ್ಟು ವಿಕೆಟ್ಟುಗಳನ್ನು ಪಡೆದರು. ಅವರ ಎಸೆತವನ್ನು ಬಯಸಿದ ಜೊತೆಗಾರರೇ ಅವರಿಗೆ ಚಹವನ್ನು ಹೊರಗೆ ಬೇರೆ ಮಣ್ಣಿನ ಬಟ್ಟಲಲ್ಲಿ ಕೊಡುತ್ತಿದ್ದರು. ಮುಂಬಯಿಯ ಪಂದ್ಯಗಳಲ್ಲಿ ಆಗ ಯುರೋಪಿಯನ್ನರು, ಪಾರಸಿಗಳು, ಹಿಂದೂಗಳು, 1912ರಿಂದ ಮುಸಲ್ಮಾನರೂ ಜಾತಿವಾರು ತಂಡ ಕಟ್ಟಿ ಆಡುತ್ತಿದ್ದರು. ಆ ಪದ್ಧತಿಯು 1946ರಲ್ಲಿ ನಿಂತಿತು. ಬಾಳೂ ಅವರನ್ನು ಹಿಂದೂ ತಂಡದ ನಾಯಕನೆಂದು ಎಂದೂ ನೇಮಿಸಲಿಲ್ಲ. 1923ರಲ್ಲಿ ಅವರ ತಮ್ಮ ವಿಠ್ಠಲ ಅವರಿಗೆ ಆ ಸ್ಥಾನ ದೊರೆಯಿತು. ಆ ಕುಲದ ಎಷ್ಟು ಮಂದಿ ಬಾಳೂಗಳು ಚೆಂಡನ್ನೇ ಕಾಣದೆ ಹೋದರೋ ಯಾರು ಬಲ್ಲರು!

ಕಡಲಾಚೆಯ ಉದಾಹರಣೆಯೊಂದು ಈ ವಿಷಯವನ್ನು ಗಣಿತದಷ್ಟು ನಿಚ್ಚಳವಾಗಿ ತೋರಿಸುತ್ತದೆ. ಕಬ್ಬಿನ ತೋಟಗಳಲ್ಲಿ ದುಡಿಯಲು ಬಿಹಾರ ಮತ್ತು ಸಂಯುಕ್ತ ಪ್ರಾಂತಗಳ ಕೂಲಿಗಳನ್ನು ಹಡಗುಗಳಲ್ಲಿ ಒಯ್ದರು. 1838ರಿಂದ ಹೋದವರು ಇಂಗ್ಲಿಷರ ಗಯಾನಾದಲ್ಲಿ ಇಳಿದರು. 1873ರಿಂದ ಹೋದವರು ಅದರ ನೆರೆಯಲ್ಲಿಯೇ ಇರುವ ಡಚ್ಚರ ಸುರಿನಾಮದಲ್ಲಿ ಇಳಿದರು. ಊರು ಒಂದು, ಕುಲ ಒಂದು, ಭೋಜಪುರಿ ಹಾಡುಗಳೂ ಒಂದೇ. ಇಂದು ಗಯಾನಾದವರ ಮೊಮ್ಮಕ್ಕಳಿಗೆ ಕ್ರಿಕೆಟ್ಟಿನ ಹುಚ್ಚು. ರೋಹನ್ ಕನ್ಹಾಯಿಯಂಥ ಆಟಗಾರನು ಅವರಲ್ಲಿ ಹುಟ್ಟಿದನು. ಸುರಿನಾಮದಲ್ಲಿ ಫುಟ್ಬಾಲಿನ ಆಳಿಕೆ. ಆಫ್ರಿಕದಿಂದ ಒಯ್ದ ಗುಲಾಮರ ಸಂತತಿಯಲ್ಲಿಯೂ ಇದೇ ಭೇದವುಂಟು. ಇಂಗ್ಲಿಷರಿದ್ದ ಬಾರ್ಬಡೋಸ್, ಜಮೈಕಗಳಲ್ಲಿ ಕ್ರಿಕೆಟ್ಟು ಬೆಳೆಯಿತು. ಫ್ರೆಂಚರಿದ್ದ ಹೈತಿ, ಮಾರ್ಟಿನಿಕ್‌ಗಳಲ್ಲಿ ಫುಟ್ಬಾಲು ಬೆಳೆಯಿತು. ಹೊಳೆಯೊಂದರ ಎರಡು ದಡಗಳಲ್ಲಿ ಒಂದೇ ರಕ್ತವು ಎರಡು ಆಟಗಳಿಗೆ ಒಲಿದಿತೆಂದರೆ ರಕ್ತವನ್ನು ಸಾಕ್ಷಿಗೆ ಕರೆಯುವುದರಲ್ಲಿ ಅರ್ಥವೇನು? ತುಂಗಭದ್ರೆಯ ದಡಗಳನ್ನು ಕುರಿತು ಮೇಲೆ ಹೇಳಿದುದನ್ನು ವಾಚಕರು ಇಲ್ಲಿ ಸ್ಮರಿಸಬಹುದು.

ನಮ್ಮ ಕರ್ನಾಟಕದಲ್ಲಿಯೇ ಇನ್ನೆರಡು ನಿದರ್ಶನಗಳಿವೆ. ಕೊಡವರು ಹಾಕಿಯಲ್ಲಿ ನಿಪುಣರು, ಎಂ. ಪಿ. ಗಣೇಶ್, ಎಂ. ಎಂ. ಸೋಮಯ್ಯ ಮೊದಲಾದವರು ದೇಶದ ತಂಡದಲ್ಲಿ ಹೆಸರು ಗಳಿಸಿದರು. ಇದಕ್ಕೆ ಅವರ ಯೋಧರಕ್ತವೇ ಕಾರಣವೆನ್ನುವವರುಂಟು. ಆದರೆ ಬಿಳಿಯರ ಸೈನ್ಯದ ಬಯಲುಗಳಲ್ಲಿ ಹಾಕಿಯ ಕೋಲು ಇಲ್ಲದಿದ್ದರೆ, ಅಲ್ಲಿಂದ ನಿವೃತ್ತರಾದವರು ಅದನ್ನು ಊರಿಗೆ ತಾರದಿದ್ದರೆ, ಆ ರಕ್ತಕ್ಕೆ ಹಾಕಿಯ ಗೊಡವೆಯೇ ಇರುತ್ತಿರಲಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಮನೆತನಗಳನ್ನು ಕೂಡಿಸಿ ಕೌಟುಂಬಿಕ ಹಾಕಿ ಉತ್ಸವವನ್ನು ಆರಂಭಿಸಿದರು. ಹೀಗೆ ಆಟವು ಮನೆತನದ ಹಬ್ಬವಾಯಿತು. ಎರಡನೆಯದು ಉತ್ತರ ಕನ್ನಡದ ಸಿದ್ದಿಗಳದು. ಪೋರ್ತುಗೀಜರ ಕಾಲದಲ್ಲಿ ಆಫ್ರಿಕದಿಂದ ಗೋವೆಗೆ ತರಲ್ಪಟ್ಟು, ಅಲ್ಲಿಂದ ಅಡವಿಗಳಿಗೆ ತಪ್ಪಿಸಿಕೊಂಡು ಬಂದವರ ಸಂತತಿಯಿದು. 1980ರ ದಶಕದ ಕೊನೆಯಲ್ಲಿ ಕೇಂದ್ರದ ಕ್ರೀಡಾ ಪ್ರಾಧಿಕಾರವು ಆಫ್ರಿಕದ ರಕ್ತವಿರುವವರು ಚೆನ್ನಾಗಿ ಓಡಬಲ್ಲರೆಂಬ ಎಣಿಕೆಯಿಂದ ಸಿದ್ದಿ ಮಕ್ಕಳನ್ನು ಆರಿಸಿ ಊಟ, ವಸತಿ, ಶಿಕ್ಷಣ ಕೊಟ್ಟು ಪಳಗಿಸಿತು. ಕೆಲವರು ಪದಕಗಳನ್ನೂ ತಂದರು. ಮುಂದೆ ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು. ಮಕ್ಕಳು ತಿರುಗಿ ಅಡವಿಯ ಊರುಗಳಿಗೂ ಕೂಲಿಗೂ ಮರಳಿದರು. ರಕ್ತವು ಮೊದಲಿನಂತೆಯೇ ಇದ್ದಿತು. ತರಬೇತಿಯೂ ಅನ್ನವೂ ಇಲ್ಲವಾದೊಡನೆ ಪದಕಗಳು ನಿಂತುಹೋದುವು.

ಹೀಗೆಂದ ಮಾತ್ರಕ್ಕೆ ಹುಟ್ಟಿನಿಂದ ಬರುವುದೇನೂ ಇಲ್ಲವೆಂದು ನಾನು ವಾದಿಸುವುದಿಲ್ಲ. ಒಬ್ಬನ ಎತ್ತರ, ಒಬ್ಬಳ ಕಂಠ, ಒಬ್ಬನ ಉಸಿರಿನ ದಮ್ಮು ತಾಯಿತಂದೆಗಳಿಂದ ಬರುತ್ತವೆ. ಒಂದೇ ತಾಲೀಮಿನಲ್ಲಿ ಒಂದೇ ಹಾಲು ಕುಡಿದ ಹತ್ತು ಹುಡುಗರೂ ಬಿರಾಜದಾರರಾಗುವುದಿಲ್ಲ. ಆದರೆ ಅದು ವ್ಯಕ್ತಿಯ ಶಕ್ತಿ, ಜನಾಂಗದ ಅಭಿರುಚಿಯಲ್ಲ. ಶಕ್ತಿಯು ಬೀಜದಂತೆ, ಯಾವ ಹೊಲದಲ್ಲಿ ಬೀಳುವುದು, ಯಾವ ಮಳೆ ಕಾಣುವುದು ಎಂಬುದನ್ನು ಬೀಜವು ನಿರ್ಣಯಿಸಲಾರದು. ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. ಕೇಳ್ಮೆಯ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲ. ಬಾಳೂ ಅವರ ಚಹದ ಬಟ್ಟಲನ್ನು ಹೇಳಿದೆನು. 1924ರ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತವನ್ನು ಹಾಡಿದ ಬಾಲೆ ಗಂಗೂಬಾಯಿಗೂ ಊಟದ ಹೊತ್ತಿಗೆ ತನ್ನನ್ನು ಎಲ್ಲಿ ಕೂಡಿಸುವರೋ ಎಂಬ ಅಳುಕೇ ಮನಸ್ಸಿನಲ್ಲಿತ್ತು. ಬಾಗಿಲು ಮುಚ್ಚಿದವರೇ ಒಳಗೆ ಬಾರದವನನ್ನು ಕುರಿತು, "ಅವನ ಜಾತಿಗೆ ಸಂಗೀತದ ಸಂಸ್ಕಾರವಿಲ್ಲ" ಎಂದರು. ಇದು ರಕ್ತವಾದದ ಹಳೆಯ ಜಾಣತನ.

ಈಗ ನಮ್ಮ ಅಂಗಳಕ್ಕೆ ಮರಳೋಣ. 1956ರ ನವೆಂಬರ 1ರಂದು ಹೈದರಾಬಾದ ರಾಜ್ಯವು ಒಡೆದಾಗ ಬೀದರ ಜಿಲ್ಲೆಯ ಉದಗೀರ, ಅಹಮದಪುರ, ನಿಲಂಗಾ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದುವು. ಬೀದರ, ಭಾಲ್ಕಿ, ಹುಮನಾಬಾದ, ಔರಾದಗಳು ಮೈಸೂರಿಗೆ ಬಂದುವು. ಒಂದೇ ಜಿಲ್ಲೆಯಲ್ಲಿ ನಿನ್ನೆಯವರೆಗೆ ಒಂದೇ ಜಾತ್ರೆಗೆ ಹೋಗುತ್ತಿದ್ದವರ ಮಕ್ಕಳು ಮರುದಿನದಿಂದ ಎರಡು ಬಗೆಯ ಶಾಲೆಗಳಿಗೆ ಹೋದರು. ಬೀಸುವ ಕಲ್ಲಿನ ಮುಂದೆ ನಮ್ಮ ಅಜ್ಜಿಯರು ತ್ರಿಪದಿಯನ್ನೂ ಹಾಡುತ್ತಿದ್ದರು, ನೆರೆಮನೆಯವರಿಂದ ಓವಿಯನ್ನೂ ಕಲಿತಿದ್ದರು. ಮೊಹರಮ್ಮಿನಲ್ಲಿ ಹಿಂದೂಗಳೂ ಕೂಡಿ ಕನ್ನಡದ ರಿವಾಯತುಗಳನ್ನು ಹಾಡುತ್ತಿದ್ದರು. ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿತು. ಕಲ್ಲಿನ ಜೊತೆಗೆ ಹಾಡೂ ಮೂಲೆ ಸೇರಿತು. ಅಜ್ಜಿಯ ರಕ್ತವು ಮೊಮ್ಮಗಳ ಮೈಯಲ್ಲಿ ಹರಿಯುತ್ತಲೇ ಇದೆ. ಆದರೆ ಆ ಮೊಮ್ಮಗಳಿಗೆ ಒಂದು ತ್ರಿಪದಿಯೂ ಬಾರದು; ಏಕೆಂದರೆ ಅವಳ ಕಿವಿಗೆ ಅದು ಬೀಳಲೇ ಇಲ್ಲ. ರಕ್ತವನ್ನು ನಂಬಿದವರಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಾಗಿಲ್ಲ.

ಆದುದರಿಂದ ದಕ್ಷಿಣದ ಅತಿಥಿಗಳಿಗೆ ನಾವು ಹೇಳಬಹುದಾದುದು ಇಷ್ಟು: ನಮ್ಮ ಭಜನೆಯಲ್ಲಿ ಅಭಂಗವಿದ್ದರೆ ಅದು ರಕ್ತದ ಕಲಬೆರಕೆಯಲ್ಲ, ಎರಡು ನುಡಿಗಳ ನಡುವೆ ಬಾಳಿದ ಕಿವಿಯ ಸಂಪತ್ತು. ಅದಕ್ಕಾಗಿ ನಾವು ನಾಚಬೇಕಾಗಿಲ್ಲ. ನಮ್ಮ ಹಿರಿಯರಿಗೆ ಹೇಳಬೇಕಾದ ಮಾತು ಇದಕ್ಕಿಂತ ಕಠಿಣವಾದುದು, ಆದರೆ ವಿನಯದಿಂದ ಹೇಳಲೇಬೇಕಾದುದು: ಅಜ್ಜಾ, ಕನ್ನಡವು ನಮ್ಮ ರಕ್ತದಲ್ಲಿಲ್ಲ. ಅದು ನಿಮ್ಮ ಬಾಯಲ್ಲಿದೆ. ನೀವು ಹಾಡಿದರೆ ನಮ್ಮ ಮಕ್ಕಳ ಕಿವಿಗೆ ಬೀಳುತ್ತದೆ. ನೀವು ಸುಮ್ಮನಾದರೆ ನಿಮ್ಮೊಡನೆಯೇ ಹೋಗುತ್ತದೆ. ಕೇಸಕರರ ಕಥೆಯಿಂದ ತಿಳಿದಂತೆ ಒತ್ತಾಯದಿಂದ ಯಾವ ಕಿವಿಯೂ ಒಲಿಯುವುದಿಲ್ಲ. ಸಂತೋಷದಿಂದ ಹಾಡಿದರೆ ಮಾತ್ರ ಒಲಿಯುತ್ತದೆ. ಮರಾಠಿಯನ್ನು ಬಿಡಿರೆಂದು ಮಕ್ಕಳಿಗೆ ಹೇಳುವುದು ಬೇಡ. ಅಭಂಗವು ಅವರಿಗೂ ಬೇಕು. ಅದರ ಪಕ್ಕದಲ್ಲಿ ನಮ್ಮ ಹಾಡಿಗೂ ಒಂದು ಮಣೆ ಹಾಕಿದರೆ ಸಾಕು.

ಮುಂದಿನ ಸೋಮವಾರದ ಭಜನೆಗೆ ಹೋಗುವಾಗ ವಾಚಕರು ಮನೆಯ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಕೈಹಿಡಿದು ಕರೆದುಕೊಂಡು ಬರಲಿ. ಹಾಡೆಂದು ಒತ್ತಾಯಿಸುವುದು ಬೇಡ. ತಾಳ ಹಾಕುವವರ ಹತ್ತಿರ ಕುಳ್ಳಿರಿಸಿದರೆ ಸಾಕು. ಮಿಕ್ಕ ಕೆಲಸವನ್ನು ಕಿವಿಯೇ ಮಾಡಿಕೊಳ್ಳುತ್ತದೆ.